ಕಬ್ಬಿಣಕ್ಕೆ ಕಿವಿ ಮುಚ್ಚಿದರೆ ಬಂಗಾರವೂ ಕೇಳದು!

ಏಪ್ರಿಲ್-ಮೇ ತಿಂಗಳಲ್ಲಿ ಬೀಳಗಿ ತಾಲೂಕಿನ ಹಿನ್ನೀರ ದಂಡೆಗೆ ಒಮ್ಮೆ ಹೋಗಿ ನೋಡಿ. ಮಳೆಗಾಲದಲ್ಲಿ 519.60 ಮೀಟರ್ ಮಟ್ಟಕ್ಕೆ ತುಂಬಿ ನಿಲ್ಲುವ ಆಲಮಟ್ಟಿ ಜಲಾಶಯ ಬೇಸಿಗೆ ಬಂತೆಂದರೆ ಹಿಂದೆ ಸರಿಯುತ್ತದೆ. ನೀರು ಬಿಟ್ಟುಹೋದ ಜಾಗದಲ್ಲಿ ಬಿರುಕುಬಿಟ್ಟ ಕರಿ ಕೆಸರು. ಅದರ ನಡುವೆ ಒಂದು ಕಾಲಕ್ಕೆ ಯಾರದೋ ಮನೆಯ ಗೋಡೆಯಾಗಿದ್ದ ಕಲ್ಲುಗಳು, ಗಡಿಗೆಯ ಚೂರುಗಳು, ತುಕ್ಕು ತಿಂದ ಬಾಗಿಲ ಚಿಲಕ. ಕೃಷ್ಣೆಯೂ ಘಟಪ್ರಭೆಯೂ ಕೂಡುವ ಚಿಕ್ಕಸಂಗಮದ ಆಸುಪಾಸಿನ ಈ ನೆಲದಲ್ಲಿ ಊರುಗಳಿದ್ದವು, ಕಣಗಳಿದ್ದವು, ಕಮ್ಮಾರಸಾಲೆಗಳಿದ್ದವು.

ವಿದೇಶದ ಕಡಲತೀರದಲ್ಲಿ ಉದ್ದನೆಯ ಕೋಲಿನ ತುದಿಗೆ ತಟ್ಟೆಯಂಥದನ್ನು ಕಟ್ಟಿಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಉಂಗುರ, ನಾಣ್ಯ ಹೆಕ್ಕುವವರ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿದ ಹುಡುಗನಿಗೆ ಈ ದಂಡೆ ಕಂಡರೆ ಏನನಿಸೀತು? ‘ಅಪ್ಪಾ, ನನಗೂ ಅಂಥಾದ್ದೊಂದು ಯಂತ್ರ ಕೊಡಸು, ಬಂಗಾರ ಹುಡುಕ್ತೀನಿ’ ಅಂದಾನು. ನಮ್ಮ ಕಡೆಯ ಅಪ್ಪಂದಿರ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ‘ಬಂಗಾರ ಸಿಗತೈತೋ ಇಲ್ಲೋ, ಮೊಳಿ ಮಾತ್ರ ಬುಟ್ಟಿಗಟ್ಲೆ ಸಿಗತಾವು ನೋಡು!’

ಅಪ್ಪನ ಮಾತಿನಲ್ಲಿ ತಮಾಷೆಯಿದೆ. ಅಷ್ಟೇ ವಿಜ್ಞಾನವೂ ಇದೆ. ಜನ ಬಾಳಿ ಹೋದ ನೆಲದಲ್ಲಿ ಅತಿ ಹೆಚ್ಚು ಸಿಗುವ ಲೋಹ ಕಬ್ಬಿಣ. ಬಾಗಿಲ ಮೊಳೆ, ಎತ್ತಿನ ಲಾಳ, ನೇಗಿಲ ಕುಳ, ಚಕ್ಕಡಿ ಗಾಲಿಯ ಪಟ್ಟಿ, ಕುಡಗೋಲಿನ ತುಣುಕು, ತಂತಿಯ ಚೂರು. ಲೋಹ ಶೋಧಕ ಯಂತ್ರ ಇವೆಲ್ಲಕ್ಕೂ ಕೂಗಿಕೊಂಡರೆ ಹುಡುಕುವವನ ದಿನವೆಲ್ಲ ಮೊಳೆ ಅಗೆಯುವುದರಲ್ಲೇ ಕಳೆಯುತ್ತದೆ. ಹಾಗಾಗಿ ‘ಕಬ್ಬಿಣವಾದರೆ ಸುಮ್ಮನಿರು, ಬೇರೆ ಲೋಹವಾದರೆ ಕೂಗು’ ಎಂದು ಯಂತ್ರಕ್ಕೆ ಹೇಳುವ ಒಂದು ಏರ್ಪಾಟು ಬೇಕಾಯಿತು. ಆ ಏರ್ಪಾಟು ಹೇಗೆ ಕೆಲಸ ಮಾಡುತ್ತದೆ? ಅದನ್ನು ನಂಬಬಹುದೇ? ನಮ್ಮ ನೆಲದಲ್ಲಿ ಅದನ್ನು ಹಿಡಿದು ತಿರುಗಬಹುದೇ? ಒಂದೊಂದಾಗಿ ನೋಡೋಣ.

ಸುರುಳಿ, ಸುಳಿ ಮತ್ತು ತಡ

ಯಂತ್ರದ ತಟ್ಟೆಯೊಳಗೆ ಇರುವುದು ತಾಮ್ರದ ತಂತಿಯ ಸುರುಳಿಗಳು. ಒಂದು ಸುರುಳಿಯಲ್ಲಿ ದಿಕ್ಕು ಬದಲಿಸುವ ವಿದ್ಯುತ್ತು ಹರಿಯುತ್ತದೆ. ಅದು ಸೆಕೆಂಡಿಗೆ ಹಲವು ಸಾವಿರ ಬಾರಿ ಹಿಂದೆ ಮುಂದೆ ಆಗುತ್ತಿರುವುದರಿಂದ ಅದರ ಸುತ್ತ ಕ್ಷಣಕ್ಷಣಕ್ಕೂ ಬದಲಾಗುವ ಕಾಂತಕ್ಷೇತ್ರ ಹುಟ್ಟುತ್ತದೆ. ಈ ಕ್ಷೇತ್ರ ನೆಲದೊಳಗಿನ ಲೋಹವನ್ನು ಮುಟ್ಟಿದಾಗ ಆ ಲೋಹದಲ್ಲಿಯೂ ವಿದ್ಯುತ್ತು ಸುತ್ತತೊಡಗುತ್ತದೆ. ತುಂಬಿದ ಕೃಷ್ಣೆಯಲ್ಲಿ ಸುಳಿ ಏಳುವುದನ್ನು ನೋಡಿದ್ದೀರಲ್ಲವೇ? ಹಾಗೆಯೇ ಇದು ವಿದ್ಯುತ್ತಿನ ಸುಳಿ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಇದರ ತಳಹದಿ. ಪಿಯುಸಿ ಎರಡನೇ ವರ್ಷದ ಭೌತಶಾಸ್ತ್ರ ಓದುವವರಿಗೆ ಈ ಪಾಠ ಗೊತ್ತೇ ಇದೆ.

ಲೋಹದಲ್ಲೆದ್ದ ಸುಳಿ ತನ್ನದೇ ಆದ ಪುಟ್ಟ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ತಟ್ಟೆಯಲ್ಲಿರುವ ಇನ್ನೊಂದು ಸುರುಳಿ ಅದನ್ನು ಹಿಡಿಯುತ್ತದೆ. ಇಲ್ಲಿಯೇ ಇದೆ ಗುಟ್ಟು. ಲೋಹದ ಉತ್ತರ ತಕ್ಷಣ ಬರುವುದಿಲ್ಲ, ಕೊಂಚ ತಡವಾಗಿ ಬರುತ್ತದೆ. ಬೆಳ್ಳಿ, ತಾಮ್ರದ ದಪ್ಪ ನಾಣ್ಯಗಳಲ್ಲಿ ಸುಳಿ ಸುಲಭವಾಗಿ ಸುತ್ತುತ್ತದೆ, ಬೇಗ ಆರುವುದಿಲ್ಲ. ಹಾಗಾಗಿ ತಡ ಹೆಚ್ಚು. ತೆಳುವಾದ ಅಲ್ಯೂಮಿನಿಯಂ ಹಾಳೆಯಲ್ಲಿ ಸುಳಿ ಬೇಗ ಆರುತ್ತದೆ, ತಡ ಕಡಿಮೆ. ಕಬ್ಬಿಣದ ಕಥೆಯೇ ಬೇರೆ. ಅದರಲ್ಲಿ ಸುಳಿಯೂ ಏಳುತ್ತದೆ, ಜೊತೆಗೆ ಅದು ತಾನೇ ಕಾಂತವಾಗಿ ಬಂದ ಕ್ಷೇತ್ರವನ್ನು ಬಲಪಡಿಸುತ್ತದೆ. ಈ ಎರಡನೆಯ ಗುಣದಿಂದ ಸಣ್ಣ ಮೊಳೆಯ ಉತ್ತರ ಬೇರೆ ಲೋಹಗಳ ಉತ್ತರದಿಂದ ಬೇರೆಯೇ ಆಗಿ ನಿಲ್ಲುತ್ತದೆ.

ಯಂತ್ರ ಈ ತಡವನ್ನು ಅಳೆದು ಒಂದು ಸಂಖ್ಯೆ ಮಾಡಿ ತೋರಿಸುತ್ತದೆ. ಸಾಮಾನ್ಯವಾಗಿ ಕಬ್ಬಿಣಕ್ಕೆ ಕೆಳಗಿನ ಸಂಖ್ಯೆ, ಬೆಳ್ಳಿ-ತಾಮ್ರಕ್ಕೆ ಮೇಲಿನ ಸಂಖ್ಯೆ. ಕೆಲವು ಯಂತ್ರಗಳಲ್ಲಿ ಕಬ್ಬಿಣಕ್ಕೆ ಸೊನ್ನೆಗಿಂತ ಕೆಳಗಿನ ಋಣ ಸಂಖ್ಯೆಯೇ ಮೀಸಲು. ‘ಇಷ್ಟರ ಕೆಳಗೆ ಬಂದದ್ದಕ್ಕೆ ಕೂಗಬೇಡ’ ಎಂದು ಗುಂಡಿ ತಿರುಗಿಸುವುದನ್ನೇ ಕಬ್ಬಿಣ ಸೋಸುವುದು ಎನ್ನುತ್ತಾರೆ.

ಒಂದು ಮಾತು ನೆನಪಿಡಿ. ಯಂತ್ರಕ್ಕೆ ‘ಬಂಗಾರ’ ಎಂಬುದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತಡ ಮಾತ್ರ. ತೆಳ್ಳನೆಯ ಬಂಗಾರದ ಉಂಗುರವೂ ಮುದುಡಿದ ಅಲ್ಯೂಮಿನಿಯಂ ಹಾಳೆಯೂ ಒಂದೇ ಸಂಖ್ಯೆ ತೋರಿಸಬಹುದು!

ತೂರುವ ಗಾಳಿ ಹೆಚ್ಚಾದರೆ

ಕಣದಲ್ಲಿ ಜೋಳ ತೂರುವುದನ್ನು ನೋಡಿದವರಿಗೆ ಈ ಸೋಸುವಿಕೆಯ ಸಂಕಟ ಬೇಗ ತಿಳಿಯುತ್ತದೆ. ಗಾಳಿ ಹದವಾಗಿದ್ದರೆ ಹೊಟ್ಟು ಹಾರಿ ಕಾಳು ಕೆಳಗೆ ಬೀಳುತ್ತದೆ. ಗಾಳಿ ಜೋರಾದರೆ ಹೊಟ್ಟಿನ ಜೊತೆ ಜೊಳ್ಳಲ್ಲದ ಕಾಳೂ ಹಾರಿಹೋಗುತ್ತದೆ. ಯಂತ್ರದಲ್ಲಿಯೂ ಸೋಸುವಿಕೆಯ ಮಟ್ಟವನ್ನು ಏರಿಸಿದಂತೆ ಮೊದಲು ಮೊಳೆ ಮೌನವಾಗುತ್ತದೆ, ಆಮೇಲೆ ಹಾಳೆ ಮೌನವಾಗುತ್ತದೆ, ಅದರೊಂದಿಗೆ ಸಣ್ಣ ಬಂಗಾರವೂ ಮೌನವಾಗುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ತಟ್ಟೆಯ ಕೆಳಗೆ ಮೊಳೆಯೂ ನಾಣ್ಯವೂ ಒಟ್ಟಿಗೇ ಇದ್ದರೆ ಎರಡರ ಉತ್ತರ ಬೆರೆತು ಬರುತ್ತದೆ. ಯಂತ್ರ ‘ಇದು ಕಬ್ಬಿಣ’ ಎಂದು ತೀರ್ಮಾನಿಸಿ ಸುಮ್ಮನಾಗಿಬಿಡುತ್ತದೆ. ಬೇಡವಾದದ್ದರ ಮರೆಯಲ್ಲಿ ಬೇಕಾದದ್ದೂ ಅಡಗಿ ಕೂರುತ್ತದೆ.

ಈ ತೊಡಕು ಲೋಹ ಶೋಧಕದಷ್ಟೇ ಹಳೆಯದು. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ ಅವರ ಮೇಲೆ ಗುಂಡಿನ ದಾಳಿಯಾಯಿತು. ಸೀಸದ ಗುಂಡು ದೇಹದಲ್ಲೇ ಉಳಿಯಿತು. ಎಕ್ಸ್‌ರೇ ಇನ್ನೂ ಬಂದಿರದ ಕಾಲ ಅದು. ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಸುರುಳಿಗಳಿಂದ ಒಂದು ಶೋಧಕ ಮಾಡಿ ತಂದರು. ಬೇರೆಡೆ ಚೆನ್ನಾಗಿ ಕೆಲಸ ಮಾಡಿದ್ದ ಯಂತ್ರ ಅಧ್ಯಕ್ಷರ ಹಾಸಿಗೆಯ ಬಳಿ ಎಲ್ಲೆಲ್ಲೂ ಗೊಂದಲದ ಸದ್ದು ಮಾಡಿತು. ಹಾಸಿಗೆಯಲ್ಲಿ ಉಕ್ಕಿನ ಸ್ಪ್ರಿಂಗುಗಳಿದ್ದುದು ಆಮೇಲೆ ತಿಳಿಯಿತು! ಮೇಲಾಗಿ ವೈದ್ಯರು ಗುಂಡು ಬಲಗಡೆ ಇದೆಯೆಂದು ನಂಬಿ ಅಲ್ಲಿ ಮಾತ್ರ ಹುಡುಕಲು ಬಿಟ್ಟಿದ್ದರು. ಗುಂಡು ಇದ್ದದ್ದು ಎಡಗಡೆ. ಸೆಪ್ಟೆಂಬರ್ 19ರಂದು ಅಧ್ಯಕ್ಷರು ತೀರಿಕೊಂಡರು. ಯಂತ್ರ ಎಷ್ಟೇ ಒಳ್ಳೆಯದಿರಲಿ, ಸುತ್ತಲಿನ ಕಬ್ಬಿಣವನ್ನೂ ಹಿಡಿದವರ ಪೂರ್ವಗ್ರಹವನ್ನೂ ಅದು ತಾನಾಗಿ ದಾಟಲಾರದು.

ಹೊಂದಿಸುವ ಕ್ರಮ

ಅನುಭವಿಗಳು ಯಂತ್ರ ಹೊಂದಿಸುವ ರೀತಿಯನ್ನು ಹೀಗೆ ಸಂಗ್ರಹಿಸಬಹುದು.

ಮೊದಲು ನೆಲದ ಹದ. ಜಮಖಂಡಿಯ ಕಡೆಯ ಎರೆ ಮಣ್ಣು ದಖನ್ನಿನ ಕಪ್ಪು ಕಲ್ಲು ಸವೆದು ಆದದ್ದು. ಅದರಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಕಣಗಳಿರುತ್ತವೆ. ಲೋಹವೇ ಇಲ್ಲದ ಜಾಗದಲ್ಲೂ ಬರಿ ಮಣ್ಣೇ ಯಂತ್ರಕ್ಕೆ ಉತ್ತರ ಕೊಡುತ್ತದೆ. ಆದ್ದರಿಂದ ಲೋಹವಿಲ್ಲದ ಜಾಗದಲ್ಲಿ ತಟ್ಟೆಯನ್ನು ಮೇಲೆ ಕೆಳಗೆ ಆಡಿಸುತ್ತ, ಸದ್ದು ಏರಿಳಿಯದೆ ಒಂದೇ ಸಮ ಆಗುವವರೆಗೆ ಹೊಂದಿಸಬೇಕು. ಮಣ್ಣು ಬದಲಾದಾಗ ಮತ್ತೆ ಹೊಂದಿಸಬೇಕು.

ಎರಡನೆಯದು, ಮೊದಲ ಹತ್ತು ನಿಮಿಷ ಏನನ್ನೂ ಸೋಸದೆ ಎಲ್ಲ ಲೋಹಕ್ಕೂ ಕಿವಿಗೊಡುವುದು. ಕಬ್ಬಿಣ ಎಷ್ಟಿದೆ, ಎಲ್ಲಿ ದಟ್ಟವಾಗಿದೆ ಎಂಬುದು ಆಗ ತಿಳಿಯುತ್ತದೆ. ಮೊಳೆಗಳು ದಟ್ಟವಾಗಿರುವಲ್ಲಿ ಮನೆಯೊಂದು ಇದ್ದಿರಬಹುದು. ಅದೂ ಒಂದು ಮಾಹಿತಿಯೇ.

ಮೂರನೆಯದು, ಒಂದು ಮೊಳೆ, ಹಿತ್ತಾಳೆಯ ತುಣುಕು, ಅಲ್ಯೂಮಿನಿಯಂ ಹಾಳೆ, ಹಳೆಯ ನಾಣ್ಯ ಇವನ್ನು ನೆಲದ ಮೇಲಿಟ್ಟು ಪರೀಕ್ಷಿಸುವುದು. ಸೋಸುವ ಮಟ್ಟವನ್ನು ಸೊನ್ನೆಯಿಂದ ನಿಧಾನವಾಗಿ ಏರಿಸಿ, ಮೊಳೆಯ ಸದ್ದು ಒಡೆಯತೊಡಗಿದ ಕೂಡಲೇ ನಿಲ್ಲಿಸಬೇಕು. ಅಲ್ಲಿಂದ ಮುಂದೆ ಏರಿಸುವುದು ಆಸೆಗೆ ಬಿದ್ದು ಕಾಳು ಹಾರಿಸಿದಂತೆ.

ನಾಲ್ಕನೆಯದು, ಸಾಧ್ಯವಾದರೆ ಕಬ್ಬಿಣವನ್ನು ಪೂರ್ತಿ ಮೌನವಾಗಿಸದೆ ಅದಕ್ಕೆ ದಪ್ಪ ದನಿ ಕೊಡುವುದು. ಹಲವು ಯಂತ್ರಗಳಲ್ಲಿ ಈ ಅನುಕೂಲವಿದೆ. ಗೊರಗೊರ ಎನ್ನುವ ದಪ್ಪ ದನಿಯ ನಡುವೆ ಒಂದು ಸಣ್ಣ ಇಂಪಾದ ದನಿ ಕೇಳಿದರೆ, ಮೊಳೆಯ ಪಕ್ಕದಲ್ಲಿ ಬೇರೇನೋ ಇದೆಯೆಂದು ಕಿವಿ ಹೇಳುತ್ತದೆ.

ಐದನೆಯದು ಕೈಚಳಕ. ಕಬ್ಬಿಣ ದಟ್ಟವಾಗಿರುವಲ್ಲಿ ಚಿಕ್ಕ ತಟ್ಟೆ ಬಳಸಬೇಕು, ನಿಧಾನವಾಗಿ ಆಡಿಸಬೇಕು. ಒಂದು ವಸ್ತುವಿನಿಂದ ಮುಂದಿನದಕ್ಕೆ ಯಂತ್ರ ಬೇಗ ಚೇತರಿಸಿಕೊಳ್ಳುವಂತೆ ವೇಗ ಹೆಚ್ಚಿಸಿದರೆ ಅಕ್ಕಪಕ್ಕದ ವಸ್ತುಗಳು ಬೇರೆ ಬೇರೆಯಾಗಿ ಕೇಳುತ್ತವೆ. ಬದಲಿಗೆ ಆಳ ಸ್ವಲ್ಪ ಕಡಿಮೆಯಾಗುತ್ತದೆ. ಸದ್ದು ಬಂದ ಜಾಗದ ಮೇಲೆ ಪೂರ್ವ-ಪಶ್ಚಿಮವಾಗಿ ಒಮ್ಮೆ, ಉತ್ತರ-ದಕ್ಷಿಣವಾಗಿ ಇನ್ನೊಮ್ಮೆ ಆಡಿಸಿ ನೋಡಬೇಕು. ದುಂಡಗಿನ ನಾಣ್ಯ ಎರಡೂ ಕಡೆಯಿಂದ ಒಂದೇ ದನಿ ಕೊಡುತ್ತದೆ. ಉದ್ದನೆಯ ಮೊಳೆ ದನಿ ಬದಲಿಸುತ್ತದೆ.

ಇಷ್ಟೆಲ್ಲ ಮಾಡಿದರೂ ಮೋಸ ತಪ್ಪಿದ್ದಲ್ಲ. ತುಕ್ಕು ಹಿಡಿದ ಅಗಲ ತಗಡು, ವಾಷರ್, ಬಾಟಲಿಯ ಬಿರಡೆ ಇವು ಕಬ್ಬಿಣದ್ದಾದರೂ ಎಷ್ಟೋ ಸಲ ಬೆಳ್ಳಿಯಂತೆ ಉಲಿಯುತ್ತವೆ. ಅವುಗಳ ಅಗಲದಲ್ಲಿ ಸುಳಿ ಬಲವಾಗಿ ಸುತ್ತುವುದೇ ಕಾರಣ.

ಕಾರವಾರದಂಥ ಕಡಲತೀರದಲ್ಲಿ ಇನ್ನೊಂದು ಫಜೀತಿ. ಉಪ್ಪುನೀರಿಗೂ ವಿದ್ಯುತ್ತು ಹರಿಯುತ್ತದೆ. ಒದ್ದೆ ಮರಳೇ ತೆಳು ಹಾಳೆಯಂತೆ ಉತ್ತರ ಕೊಡುತ್ತದೆ. ಅದಕ್ಕೇ ಅಲ್ಲಿ ಏಕಕಾಲಕ್ಕೆ ಹಲವು ಕಂಪನಗಳಲ್ಲಿ ನಡೆಯುವ ಯಂತ್ರ, ಇಲ್ಲವೇ ವಿದ್ಯುತ್ತನ್ನು ಬಿಟ್ಟುಬಿಟ್ಟು ಹೊಡೆತದಂತೆ ಹಾಯಿಸುವ ಯಂತ್ರ ಬಳಸುತ್ತಾರೆ. ಎರಡನೆಯ ಬಗೆಯದು ಆಳಕ್ಕೆ ಹೋಗುತ್ತದೆ, ಆದರೆ ಕಬ್ಬಿಣವನ್ನು ಬೇರ್ಪಡಿಸುವುದರಲ್ಲಿ ಹಿಂದೆ. ನಮ್ಮ ಹಿನ್ನೀರು ಸಿಹಿನೀರು. ಆ ಕಾಟ ಇಲ್ಲಿಲ್ಲ. ಒಂದನ್ನು ಪಡೆದರೆ ಇನ್ನೊಂದನ್ನು ಬಿಡಬೇಕು. ಎಲ್ಲ ಗುಣವೂ ಒಂದೇ ಯಂತ್ರದಲ್ಲಿ ಸಿಕ್ಕೀತೆಂದು ಯಾರಾದರೂ ಹೇಳಿದರೆ ನಂಬಬೇಡಿ.

ನಮ್ಮ ರೂಪಾಯಿಯೂ ಕಬ್ಬಿಣವೇ!

ವಿದ್ಯಾರ್ಥಿ ಮಿತ್ರರೇ, ಈ ಪುಟ ಓದಿದ ಕೂಡಲೇ ಒಂದು ಪ್ರಯೋಗ ಮಾಡಿ. ಹಳೆಯ ಸ್ಪೀಕರಿನ ಅಯಸ್ಕಾಂತವೊಂದನ್ನು ತಂದು ಮನೆಯಲ್ಲಿರುವ ನಾಣ್ಯಗಳಿಗೆಲ್ಲ ಹಿಡಿಯಿರಿ. ಅಜ್ಜಿಯ ಗಂಟಿನಲ್ಲಿರುವ ತಾಮ್ರ-ನಿಕ್ಕಲ್ ಮಿಶ್ರಣದ ಹಳೆಯ ದೊಡ್ಡ ರೂಪಾಯಿ ಅಂಟುವುದಿಲ್ಲ. ಅಲ್ಯೂಮಿನಿಯಂನ ಹತ್ತು ಪೈಸೆ ಅಂಟುವುದಿಲ್ಲ. ಆದರೆ 1992ರಿಂದ ಬಂದ ಒಂದು ರೂಪಾಯಿ ಟಪ್ಪೆಂದು ಅಂಟುತ್ತದೆ! 1988ರಿಂದ 25 ಮತ್ತು 50 ಪೈಸೆಗೆ, 1992ರಿಂದ ಒಂದು ರೂಪಾಯಿಗೆ, ಮುಂದೆ ಎರಡು ರೂಪಾಯಿಗೂ ಅಯಸ್ಕಾಂತಕ್ಕೆ ಅಂಟುವ ಜಾತಿಯ ಸ್ಟೇನ್‌ಲೆಸ್ ಉಕ್ಕು ಬಂತು. ಐದು, ಹತ್ತು ರೂಪಾಯಿಗಳನ್ನು ನೀವೇ ಪರೀಕ್ಷಿಸಿ, ಇಸವಿಯೊಂದಿಗೆ ಪಟ್ಟಿ ಮಾಡಿ.

ಇದರ ಅರ್ಥವೇನು? ಪರದೇಶದ ಪುಸ್ತಕ ನೋಡಿ ‘ಕಬ್ಬಿಣ ಬೇಡ’ ಎಂದು ಗುಂಡಿ ತಿರುಗಿಸಿದವನಿಗೆ ನಮ್ಮ ನೆಲದಲ್ಲಿ ರೂಪಾಯಿಯೂ ಬೇಡವಾದ ಸಾಮಾನುಗಳ ಸಾಲಿಗೆ ಸೇರಿಹೋಗಬಹುದು. ಯಾವುದು ಕಸ, ಯಾವುದು ಸರಕು ಎಂಬುದು ಊರಿಂದ ಊರಿಗೆ ಬೇರೆ. ಬೇರೆಯವರ ಕೈಪಿಡಿಯಿಂದ ಅದನ್ನು ಎರವಲು ತರಲಾಗದು.

ಕಬ್ಬಿಣವೇ ಬೇಕಾದಾಗ

ನಮ್ಮ ಸೀಮೆಯಲ್ಲಿ ಲೋಹ ಹುಡುಕುವ ನಿಜವಾದ ಕೆಲಸ ನಡೆಯುವುದು ನದಿಯ ದಂಡೆಯಲ್ಲಲ್ಲ. ಸಮೀರವಾಡಿ, ಮುಧೋಳ, ಹಿರೇಪಡಸಲಗಿ, ಸಿದ್ದಾಪುರ ಹೀಗೆ ಸಕ್ಕರೆ ಕಾರ್ಖಾನೆಗಳಿರುವ ಸೀಮೆ ನಮ್ಮದು. ಕಬ್ಬಿನ ಗಾಡಿಯಲ್ಲಿ ಮರೆತ ಕುಡಗೋಲು, ಟ್ರ್ಯಾಲಿಯ ಬೋಲ್ಟು, ಸರಪಳಿಯ ತುಂಡು ಕಬ್ಬಿನೊಂದಿಗೆ ಗಾಣದ ಉರುಳೆಗೆ ಹೋದರೆ ಉರುಳೆಯ ಹಲ್ಲು ಮುರಿಯುತ್ತದೆ, ಕಾರ್ಖಾನೆ ನಿಲ್ಲುತ್ತದೆ. ಅದಕ್ಕಾಗಿ ಸಕ್ಕರೆ ಉದ್ದಿಮೆಯಲ್ಲಿ ಸಾಗುಪಟ್ಟಿಯ ಮೇಲೆ ಬಲವಾದ ಅಯಸ್ಕಾಂತ ಇಡುವ ರೂಢಿ ಇದೆ. ಹಿತ್ತಾಳೆ, ಮ್ಯಾಂಗನೀಸ್ ಉಕ್ಕು ಅಯಸ್ಕಾಂತಕ್ಕೆ ಸಿಗುವುದಿಲ್ಲ. ಅವುಗಳಿಗೆ ಸುರುಳಿಯ ಶೋಧಕವೇ ಬೇಕು.

ರಬಕವಿ-ಬನಹಟ್ಟಿಯ ಮಗ್ಗದ ಮನೆಗಳ ಮಕ್ಕಳು ಇನ್ನೊಂದನ್ನು ಕೇಳಿ. ಸಿದ್ಧ ಉಡುಪು ಹೊಲಿದು ಹೊರದೇಶಕ್ಕೆ ಕಳಿಸುವ ಕಾರ್ಖಾನೆಗಳಲ್ಲಿ ಸೂಜಿ ಶೋಧಕ ಎಂಬ ಯಂತ್ರವಿರುತ್ತದೆ. ಮುರಿದ ಸೂಜಿಯ ತುದಿ ಮಗುವಿನ ಅಂಗಿಯಲ್ಲಿ ಉಳಿಯಬಾರದೆಂದು ಪ್ರತಿ ಬಟ್ಟೆಯನ್ನೂ ಅದರಲ್ಲಿ ಹಾಯಿಸುತ್ತಾರೆ. ಅದು ಹಿತ್ತಾಳೆಯ ಗುಂಡಿಗೆ ಕಿವುಡು, ಉಕ್ಕಿನ ಚೂರಿಗೆ ಮಾತ್ರ ಎಚ್ಚರ. ಕಡಲತೀರದಲ್ಲಿ ಬೇಡವಾದ ಕಬ್ಬಿಣವೇ ಅಲ್ಲಿ ಬೇಕಾದದ್ದು!

ಮೇವಿನೊಂದಿಗೆ ತಂತಿ ನುಂಗಿದ ಆಕಳು-ಎಮ್ಮೆಗಳ ಕಥೆ ರೈತರಿಗೆ ಗೊತ್ತು. ತಂತಿ ಹೊಟ್ಟೆಯ ಗೋಡೆ ಚುಚ್ಚಿ ಹೃದಯದವರೆಗೂ ಹೋದದ್ದುಂಟು. ಪಶುವೈದ್ಯರು ಇದನ್ನು ಪತ್ತೆ ಹಚ್ಚಲು ಲೋಹ ಶೋಧಕ ಬಳಸುತ್ತಾರೆ. ಕೆಲವೆಡೆ ದನದ ಹೊಟ್ಟೆಗೆ ಒಂದು ಅಯಸ್ಕಾಂತವನ್ನೇ ನುಂಗಿಸಿ ಕಬ್ಬಿಣವೆಲ್ಲ ಅದಕ್ಕೇ ಅಂಟಿ ನಿಲ್ಲುವಂತೆ ಮಾಡುತ್ತಾರೆ. ಇದೇ ವಿದ್ಯೆಯನ್ನು ಕಲಿತ ಹುಡುಗ-ಹುಡುಗಿಯರಿಗೆ ನಿಧಿಯ ಕನಸಿಗಿಂತ ಗಟ್ಟಿಯಾದ ಕೆಲಸಗಳು ಇಲ್ಲಿಯೇ ಕಾದಿವೆ.

ಸಿಕ್ಕರೆ ಯಾರದು?

ಇನ್ನು ಬಹು ಮುಖ್ಯವಾದ ಮಾತು. ನೆಲದಲ್ಲಿ ಸಿಕ್ಕಿದ್ದು ಸಿಕ್ಕವನದಲ್ಲ. ಹೂತಿಟ್ಟ ನಿಧಿಯ ಬಗ್ಗೆ ನಮ್ಮ ದೇಶದಲ್ಲಿ 1878ರಷ್ಟು ಹಿಂದೆಯೇ ಕಾಯ್ದೆ ಬಂತು. ನಮ್ಮ ರಾಜ್ಯಕ್ಕೆ 1962ರ ನಿಧಿ ಕಾಯ್ದೆ ಇದೆ. ಸಿಕ್ಕ ಕೂಡಲೇ ಜಿಲ್ಲಾಧಿಕಾರಿಗೆ ತಿಳಿಸುವುದು ಕರ್ತವ್ಯ, ಮುಚ್ಚಿಟ್ಟರೆ ಶಿಕ್ಷೆ. ನೂರು ವರ್ಷ ದಾಟಿದ ನಾಣ್ಯ, ವಿಗ್ರಹಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸುತ್ತದೆ. ಸಂರಕ್ಷಿತ ಸ್ಮಾರಕಗಳ ಬಳಿಯಂತೂ ಅನುಮತಿಯಿಲ್ಲದೆ ಅಗೆಯುವಂತಿಲ್ಲ.

ಕಾಯ್ದೆ ಯಾಕೆ ಇಷ್ಟು ಬಿಗಿ? ಬೀಳಗಿ ತಾಲೂಕಿನ ಅನಗವಾಡಿಯನ್ನೇ ನೋಡಿ. ಘಟಪ್ರಭೆಯ ದಂಡೆಯ ಈ ಊರಿನಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞರು ಹಳೆಯ ಶಿಲಾಯುಗದ ಕಲ್ಲಿನ ಆಯುಧಗಳನ್ನು ಪತ್ತೆ ಮಾಡಿದರು. ಕಲ್ಲಿಗೆ ಲೋಹ ಶೋಧಕ ಕೂಗುವುದಿಲ್ಲ. ನಾಣ್ಯಕ್ಕಾಗಿ ಅಗೆದವನ ಗುದ್ದಲಿಗೆ ಆ ಕಲ್ಲು ಬರೀ ಕಲ್ಲು. ಅದು ಯಾವ ಪದರದಲ್ಲಿತ್ತು, ಪಕ್ಕದಲ್ಲಿ ಏನಿತ್ತು ಎಂಬುದು ಒಮ್ಮೆ ಕೆಟ್ಟರೆ ಆ ಚರಿತ್ರೆಯನ್ನು ಮತ್ತೆ ಓದಲಾಗದು. ಕಬ್ಬಿಣ ಸೋಸುವವನೂ ಅಷ್ಟೇ; ಅವನು ಎಸೆದ ಬಾಗಿದ ಮೊಳೆ, ಮುರಿದ ಕುಳವೇ ಒಂದು ಊರಿನ ಕಮ್ಮಾರನ ಏಕೈಕ ಗುರುತಾಗಿರಬಹುದು.

ಇದಕ್ಕೆ ಒಂದು ಒಳ್ಳೆಯ ಉದಾಹರಣೆ ಇಂಗ್ಲೆಂಡಿನಲ್ಲಿದೆ. 1992ರ ನವೆಂಬರಿನಲ್ಲಿ ಹಾಕ್ಸನ್ ಎಂಬ ಹಳ್ಳಿಯಲ್ಲಿ ಎರಿಕ್ ಲಾಸ್ ಎಂಬುವರು ಲೋಹ ಶೋಧಕ ಹಿಡಿದು ಹೊಲಕ್ಕೆ ಹೋದರು. ನಿಧಿಗಲ್ಲ, ಗೆಳೆಯನಾದ ರೈತ ಕಳೆದುಕೊಂಡಿದ್ದ ಸುತ್ತಿಗೆಗಾಗಿ! ಸಿಕ್ಕಿದ್ದು ರೋಮನ್ನರ ಕಾಲದ ಬಂಗಾರ-ಬೆಳ್ಳಿಯ ರಾಶಿ, ಸುಮಾರು 15 ಸಾವಿರ ನಾಣ್ಯ. ಅವರು ಎಲ್ಲವನ್ನೂ ಅಗೆದು ಚೀಲಕ್ಕೆ ತುಂಬಲಿಲ್ಲ. ಅಗೆಯುವುದನ್ನು ನಿಲ್ಲಿಸಿ ಸುದ್ದಿ ಮುಟ್ಟಿಸಿದರು. ಪುರಾತತ್ವಜ್ಞರು ಬಂದು ಕ್ರಮವಾಗಿ ತೆಗೆದರು. ಸರಕಾರ 17.5 ಲಕ್ಷ ಪೌಂಡ್ ಬಹುಮಾನ ಕೊಟ್ಟಿತು. ಅದನ್ನು ಅವರು ರೈತನೊಂದಿಗೆ ಹಂಚಿಕೊಂಡರು. ಸುತ್ತಿಗೆಯೂ ಸಿಕ್ಕಿತು. ಆ ಕಬ್ಬಿಣದ ಸುತ್ತಿಗೆಯೂ ಈಗ ನಿಧಿಯೊಂದಿಗೆ ಬ್ರಿಟಿಷ್ ಮ್ಯೂಸಿಯಂ ಸೇರಿದೆ!

ಪಾಲಕರಿಗೆ ಒಂದು ಮಾತು

‘ಇಷ್ಟು ದೂರದಿಂದಲೇ ಬಂಗಾರ ತೋರಿಸುತ್ತದೆ, ಕಬ್ಬಿಣವನ್ನು ಪೂರ್ತಿ ಬಿಟ್ಟುಬಿಡುತ್ತದೆ’ ಎಂದು ಹೇಳಿ ಯಂತ್ರ ಮಾರುವವರ ಮಾತಿಗೆ ಮರುಳಾಗಬೇಡಿ. ಹವ್ಯಾಸದ ಯಂತ್ರಗಳು ನಾಣ್ಯವನ್ನು ಹಿಡಿಯುವುದು ಹೆಚ್ಚೆಂದರೆ ಒಂದು ಗೇಣಿನ ಆಸುಪಾಸಿನ ಆಳದಲ್ಲಿ. ಬ್ರಿಟನ್ನಿನಲ್ಲಿ ಕಳೆದುಹೋದ ಗಾಲ್ಫ್ ಚೆಂಡು ಹುಡುಕುವ ಆಟಿಕೆಯಂಥ ಸಾಧನವನ್ನೇ ಬಾಂಬ್ ಶೋಧಕವೆಂದು ಇರಾಕಿಗೆ ಮಾರಿದವನಿಗೆ 2013ರಲ್ಲಿ ಹತ್ತು ವರ್ಷ ಸೆರೆಯಾಯಿತು. ಅದರೊಳಗೆ ಕೆಲಸ ಮಾಡುವ ಏನೂ ಇರಲಿಲ್ಲ. ಅದನ್ನು ನಂಬಿ ಪ್ರಾಣ ಕಳೆದುಕೊಂಡವರಿದ್ದಾರೆ.

ಮಗುವಿನ ಕುತೂಹಲವನ್ನು ಮಾತ್ರ ಚಿವುಟಬೇಡಿ. ಅಯಸ್ಕಾಂತವೊಂದನ್ನು ತಾಮ್ರದ ಕೊಳವೆಯೊಳಗೆ ಬಿಟ್ಟು ತೋರಿಸಿ. ಯಾವುದೋ ಕೈ ತಡೆದಂತೆ ಅದು ನಿಧಾನವಾಗಿ ಇಳಿಯುತ್ತದೆ. ಅದೇ ಸುಳಿ ವಿದ್ಯುತ್ತು. ನಿಮ್ಮ ಸ್ವಂತ ಹೊಲದಲ್ಲಿ ಕಳೆದ ಕಿವಿಯೋಲೆ, ಟ್ರ್ಯಾಕ್ಟರಿನ ಬೋಲ್ಟು ಹುಡುಕಲು ಯಂತ್ರ ಉಪಯೋಗಕ್ಕೆ ಬಂದೀತು. ಹಿನ್ನೀರ ದಂಡೆಯಲ್ಲಿ, ಗುಡಿಯ ಬಳಿ, ಪಾಳು ಊರಿನಲ್ಲಿ ಬೇಡ.

ಮುಳುಗಡೆಯ ದಂಡೆಗೆ ಮಕ್ಕಳನ್ನು ಕರೆದೊಯ್ಯುವುದಾದರೆ ಯಂತ್ರವಿಲ್ಲದೆಯೇ ಕರೆದೊಯ್ಯಿರಿ. ತುಕ್ಕು ಹಿಡಿದ ಚಿಲಕವೊಂದು ಕಂಡರೆ ಮುಟ್ಟದೆ ಕೂತು, ಆ ಬಾಗಿಲು ಯಾರ ಮನೆಯದು, ಆ ಮನೆಯವರು ಈಗ ಯಾವ ಪುನರ್ವಸತಿ ಕೇಂದ್ರದಲ್ಲಿದ್ದಾರೆ ಎಂದು ಹಿರಿಯರನ್ನು ಕೇಳಿಸಿ. ಯಂತ್ರ ಬೇಡವೆಂದು ಸೋಸಿ ಬಿಡುವ ಕಬ್ಬಿಣದಲ್ಲಿ ಒಂದು ಊರಿನ ಕಥೆಯೇ ಇದೆ. ಅದನ್ನು ಕೇಳಲು ಬೇಕಾದದ್ದು ತೆರೆದ ಕಿವಿ ಮಾತ್ರ.